ನಾವು ಹೋದ ಮೇಲೆ ಇವನಿಗೆ ಯಾರು?



ಕಳೆದ ತಿಂಗಳು ಈ ಅಂಕಣದಲ್ಲಿ ಮನೆಯ ಹಿರಿಯರ ಆರೈಕೆಯ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ತಾಯಿಯೊಬ್ಬರು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮನ್ನು ನಿಲ್ಲಿಸಿದರು. "ನಮ್ಮನ್ನು ನೋಡಿಕೊಳ್ಳುವವರ ಮಾತು ಇರಲಿ ಫಾದರ್. ನಾವು ಹೋದ ಮೇಲೆ ಇವನಿಗೆ ಯಾರು?" ಎಂದರು. ಅವರ ಕೈ ಹಿಡಿದು ನಿಂತಿದ್ದ ಮಗನಿಗೆ 34 ವರ್ಷ. ತಾಯಿಗಿಂತ ಒಂದು ಗೇಣು ಎತ್ತರ, ಮುಖ ತುಂಬ ಗಡ್ಡ. ಅಂಗಿಯ ಗುಂಡಿ ಹಾಕುವುದು ಈಗಲೂ ಅಮ್ಮನೇ.

ಕಾಸರಗೋಡಿನ ನಮ್ಮ ಊರುಗಳಿಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದವರೆಗೂ ನಡೆಯಿತು. ಎಣ್ಮಕಜೆಯ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಸಂತ್ರಸ್ತರಿಗೆ 3 ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. ಅದಕ್ಕಾಗಿ ಎಷ್ಟೋ ಮನೆಯವರು ವರ್ಷಗಟ್ಟಲೆ ಅಲೆದರು. ಇತ್ತ ಚಿತ್ರದಲ್ಲಿದ್ದ ಮಕ್ಕಳು ದೊಡ್ಡವರಾಗಿಬಿಟ್ಟರು. ಎಲ್ಲರ ಕಷ್ಟಕ್ಕೂ ಎಂಡೋಸಲ್ಫಾನೇ ಕಾರಣ ಎನ್ನುವಂತಿಲ್ಲ. ಡೌನ್ ಸಿಂಡ್ರೋಮ್ ಇದ್ದವರಿದ್ದಾರೆ, ಹೆರಿಗೆಯ ಹೊತ್ತಿಗೆ ಉಸಿರುಕಟ್ಟಿದವರಿದ್ದಾರೆ. ಕಾರಣ ಯಾವುದಾದರೂ ತಾಯಂದಿರಿಗೆ ವಯಸ್ಸಾಗುತ್ತಿದೆ.

ಈ ಧರ್ಮಕೇಂದ್ರಕ್ಕೆ ಬರುವ ಮೊದಲು ಇಂಥವರು ಒಟ್ಟಾಗಿ ವಾಸಿಸುವ ಮನೆಯೊಂದನ್ನು ನಾವು 4 ವರ್ಷ ನಡೆಸಿದೆವು. 11 ಮಂದಿ ಗಂಡಸರು. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಕಲಿತಿದ್ದೆವೇ ಹೊರತು ಇನ್ನೊಬ್ಬ ಗಂಡಸಿನ ಗಡ್ಡ ತೆಗೆಯುವುದನ್ನು ಯಾರೂ ಕಲಿಸಿರಲಿಲ್ಲ. ಬಂದ ಹೊಸತರಲ್ಲಿ ಎಲ್ಲರನ್ನೂ 'ಮಕ್ಕಳು' ಎನ್ನುತ್ತಿದ್ದೆವು. ಅವರಲ್ಲಿ ಇಬ್ಬರು ನಮಗಿಂತ ಹಿರಿಯರು!

ಅಲ್ಲಿ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ಮಾತು ಬಾರದ ಯುವಕನೊಬ್ಬ ಇದ್ದಕ್ಕಿದ್ದಂತೆ ತಟ್ಟೆ ದೂಡತೊಡಗಿದ. ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ, ರಾತ್ರಿ ಕೂಗಿದ, ಹತ್ತಿರ ಹೋದ ಸಹಾಯಕನ ಕೈ ಪರಚಿದ. ನಮ್ಮ ರಿಜಿಸ್ಟರಿನಲ್ಲಿ 4 ದಿನವೂ ಒಂದೇ ಮಾತು: 'ಹಠ ಮಾಡಿದ'. ಮದ್ದಿನ ಪ್ರಮಾಣ ಹೆಚ್ಚಿಸಲು ಡಾಕ್ಟರರನ್ನು ಕೇಳೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ಭಾನುವಾರ ಅವನ ತಾಯಿ ಬಂದರು. ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟು, ಅವನು ತಿನ್ನುವುದನ್ನೇ ನೋಡಿದರು.

"ಹಲ್ಲು ನೋಡಿದ್ದೀರಾ ಫಾದರ್? ಕಿವಿ ಹಿಡಿದುಕೊಳ್ತಾ ಇದ್ದಾನಲ್ಲ, ಅವನಿಗೆ ನೋವಾದರೆ ಹಾಗೆಯೇ."

ನಾವು ನೋಡಿರಲಿಲ್ಲ. ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಫಿಟ್ಸಿಗೆಂದು ವರ್ಷಾನುಗಟ್ಟಲೆ ನುಂಗಿದ ಫೆನಿಟಾಯಿನ್ ಮಾತ್ರೆಯಿಂದ ವಸಡು ಊದಿ ಬೆಳೆಯುವುದುಂಟು, ಅಂಥವರ ಬಾಯಿಯನ್ನು ಆಗಾಗ ನೋಡುತ್ತಿರಬೇಕು ಎಂಬುದನ್ನು ದಂತವೈದ್ಯರಿಂದ ಅಂದು ಕಲಿತೆವು. ಹಲ್ಲು ಕಿತ್ತ ಮೂರನೆಯ ದಿನ 'ಹಠ' ನಿಂತಿತು.

ಆ ರಾತ್ರಿ ಅವನನ್ನು ಸೇರಿಸಿಕೊಂಡಾಗಿನ ಅರ್ಜಿಯನ್ನು ತೆಗೆದು ನೋಡಿದೆವು. 6 ಪುಟ. ಅಂಗವೈಕಲ್ಯ ಎಷ್ಟು ಶೇಕಡಾ, ಆದಾಯ ಎಷ್ಟು, ರೇಷನ್ ಕಾರ್ಡು ಯಾವುದು, ಎಲ್ಲ ಇತ್ತು. ನೋವಾದರೆ ಹೇಗೆ ಹೇಳುತ್ತಾನೆ ಎಂದು ನಾವು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಆ ತಾಯಿ ಒಂದು ನಿಮಿಷದಲ್ಲಿ ಹೇಳುತ್ತಿದ್ದರು.

ಅಂದಿನಿಂದ ಒಬ್ಬೊಬ್ಬರಿಗೆ ಒಂದೊಂದು ನೋಟ್‌ಬುಕ್ ಮಾಡಿದೆವು. ತಾಯಂದಿರನ್ನು ಕೂರಿಸಿ ಕೇಳಿ ಬರೆದೆವು. ಯಾವ ಮಗ್ಗುಲಿಗೆ ಮಲಗುತ್ತಾನೆ, ಗುಡುಗಿಗೆ ಹೆದರುತ್ತಾನೋ, ಅನ್ನವನ್ನು ಎಷ್ಟು ಮೆತ್ತಗೆ ಕಲಸಬೇಕು, ಫಿಟ್ಸ್ ಬರುವ ಮುನ್ನ ಏನಾಗುತ್ತದೆ. ಕೆಲಸದವರು ಬದಲಾಗುತ್ತಿರುತ್ತಾರೆ, ರಾತ್ರಿ ಪಾಳಿಗೆ ಬಂದ ಹೊಸ ಹುಡುಗನಿಗೆ ಮೊದಲು ಕೊಡುತ್ತಿದ್ದದ್ದು ಈ ಪುಸ್ತಕ, ಆಮೇಲೆ ಕೀಲಿಕೈ.

ಒಬ್ಬನದು ಮಾತ್ರ ಖಾಲಿ ಉಳಿಯಿತು. ತಾಯಿ ತೀರಿಕೊಂಡ ಎರಡನೆಯ ವಾರ ಅಣ್ಣಂದಿರು ಅವನನ್ನು ತಂದು ಬಿಟ್ಟಿದ್ದರು. ಜತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರೆಗಳು. ದಿನಾ ಸಂಜೆ 5 ಗಂಟೆಗೆ ಅವನು ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದ. ಒಳಗೆ ಕರೆದರೆ ಅಳುತ್ತಿದ್ದ. ಓಡಿಹೋಗುತ್ತಾನೆಂದು ನಾವು ಗೇಟಿಗೆ ಬೀಗ ಹಾಕಿದೆವು. ಎರಡು ತಿಂಗಳ ನಂತರ ಅವರ ನೆರೆಮನೆಯವರು ಬಂದಾಗ ತಿಳಿಯಿತು: ತಾಯಿ ಗೇರುಬೀಜದ ಕಾರ್ಖಾನೆಯಿಂದ ಬರುತ್ತಿದ್ದ ಬಸ್ಸಿನ ಹೊತ್ತು ಅದು.

ಆದ್ದರಿಂದ ತಂದೆತಾಯಂದಿರಲ್ಲಿ ನಮ್ಮ ವಿನಂತಿ: ನೀವು ಗಟ್ಟಿಯಾಗಿರುವಾಗಲೇ ಶುರುಮಾಡಿ. ಮೊದಲು ಎರಡು ದಿನ ಬಿಟ್ಟು ನೋಡಿ, ಆಮೇಲೆ ಒಂದು ವಾರ. ಮನೆಯ ತಲೆದಿಂಬು ಜತೆಗಿರಲಿ. ಅವನನ್ನೂ ಕೇಳಿ, ಬೇಡ ಎನ್ನುವ ಹಕ್ಕು ಅವನಿಗೂ ಉಂಟು. ಅಂಥ ಮನೆಯನ್ನು ನೋಡಲು ಹೋದಾಗ ಪ್ರಾರ್ಥನಾಲಯ ತೋರಿಸಿದರೆ ಕೈಮುಗಿಯಿರಿ, ಆಮೇಲೆ ಕಕ್ಕಸು ತೋರಿಸಿ ಎನ್ನಿ. ಕೋಣೆಗಳಿಗೆ ಹೊರಗಿನಿಂದ ಚಿಲಕವಿದೆಯೇ, ರಾತ್ರಿ ಎಚ್ಚರವಿರುವವರು ಎಷ್ಟು ಮಂದಿ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡುವ ಮನೆ ಬೇಡ.

ಕಾಗದಪತ್ರದ ಮಾತೂ ಇದೆ. ಮಗನಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ಪೋಷಕರನ್ನು ನೇಮಿಸುವುದು ಜಿಲ್ಲೆಯ ಸ್ಥಳೀಯ ಸಮಿತಿ. ನೇಮಕವಾದವರು 6 ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಅಣ್ಣನಿಗೆ ಇದು ಉಪದ್ರ ಎನಿಸಬಹುದು. ತಮ್ಮನ ಪಾಲಿನ ಜಾಗಕ್ಕೆ ಅದೇ ಬೇಲಿ. ಇದೇ ಟ್ರಸ್ಟಿನ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಗೆ ನೆರವುಂಟು. ಕಾಗದ ಮಲಯಾಳದಲ್ಲಿದೆ, ಓದಲು ಬರುವುದಿಲ್ಲ ಎಂದು ಪೆಟ್ಟಿಗೆಯಲ್ಲಿ ಇಟ್ಟುಬಿಡಬೇಡಿ. ಕಚೇರಿಗೆ ತನ್ನಿ, ಕೂತು ಓದೋಣ.

ಆ ತಾಯಿಗೆ 100 ಪುಟದ ಒಂದು ನೋಟ್‌ಬುಕ್ ಕೊಟ್ಟು ಕಳುಹಿಸಿದ್ದೆವು. ಮುಂದಿನ ಭಾನುವಾರ ತಂದು ತೋರಿಸಿದರು. ಮೊಮ್ಮಗಳ ಕೈಬರಹ. ಮೊದಲ ಸಾಲು: 'ಬಂಗುಡೆಯ ಮುಳ್ಳು ತೆಗೆದು ಕೊಡಬೇಕು, ತೆಗೆದದ್ದನ್ನು ಅವನಿಗೆ ತೋರಿಸಬೇಕು.' ಒಂದೂವರೆ ಪುಟ ತುಂಬಿತ್ತು. "ಇನ್ನೂ ಉಂಟು ಫಾದರ್, ರಾತ್ರಿ ಮಲಗಿದ ಮೇಲೆಯೇ ನೆನಪಾಗುವುದು" ಎಂದು ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು.