ಕಾಯಿಹಾಲಿನ ಅಕ್ಕಿ ಪಾಯಸ: ಯಾವುದು ಮೊದಲು, ಯಾವುದು ಕೊನೆಗೆ

ಹಸುವಿನ ಹಾಲು ಒಗ್ಗದವರಿಗೆ ಪಾಯಸ ಮಾಡಬೇಕೆಂದರೆ ಈಗ ಹಲವರು ಅಂಗಡಿಗೆ ಹೋಗಿ ಬಾದಾಮಿ ಹಾಲಿನ ದುಬಾರಿ ಡಬ್ಬಿ ಹುಡುಕುತ್ತಾರೆ. ಕರಾವಳಿಯ ಅಡುಗೆಮನೆಗೆ ಈ ತಾಪತ್ರಯವಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಕಡೆ ಬೆಲ್ಲದ ಪಾಯಸಕ್ಕೆ ಕಾಯಿಹಾಲೇ ಹಾಲು. ಕಡಲೆಬೇಳೆಗೂ ಅದೇ, ಹೆಸರುಬೇಳೆಗೂ ಅದೇ, ಅಕ್ಕಿಗೂ ಅದೇ. ಬೆಲ್ಲದಲ್ಲಿ ಅಲ್ಪಸ್ವಲ್ಪ ಹುಳಿ ಇರುತ್ತದೆ. ಕುದಿಯುವ ಹಸುವಿನ ಹಾಲಿಗೆ ಅದು ಬಿದ್ದರೆ ಕೆಸೀನ್ ಎಂಬ ಪ್ರೋಟೀನು ಗಡ್ಡೆ ಕಟ್ಟಿ ಹಾಲು ಒಡೆಯಬಹುದು. ಕಾಯಿಹಾಲಿನಲ್ಲಿ ಕೆಸೀನೂ ಇಲ್ಲ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸೂ ಇಲ್ಲ.

ನಾಲ್ಕು ಜನರಿಗೆ ಅರ್ಧ ಕಪ್ ಅಕ್ಕಿ, ಒಂದು ದೊಡ್ಡ ತೆಂಗಿನಕಾಯಿ, ಒಂದು ಕಪ್ ಪುಡಿಬೆಲ್ಲ ಸಾಕು. ಬೆಳ್ತಿಗೆ ಅಕ್ಕಿಯೋ ಸೋನಾ ಮಸೂರಿಯೋ ಇರಲಿ. ಬಾಸ್ಮತಿ ಬೇಡ, ಅದು ಬಿಡಿಬಿಡಿಯಾಗಿ ನಿಲ್ಲುವ ಜಾತಿ, ಇಲ್ಲಿ ಬೇಕಾದದ್ದು ಗಂಜಿ ಬಿಡುವ ಅಕ್ಕಿ. ಕಾಯಿತುರಿಯನ್ನು ಅರ್ಧ ಕಪ್ ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ ಬಟ್ಟೆಯಲ್ಲಿ ಹಿಂಡಿದರೆ ಬರುವುದು ದಪ್ಪ ಹಾಲು. ಅದನ್ನು ಬೇರೆ ಇಡಿ. ಅದೇ ಚರಟಕ್ಕೆ ಎರಡು ಕಪ್ ನೀರು ಹಾಕಿ ಮತ್ತೆ ರುಬ್ಬಿ ಹಿಂಡಿದರೆ ನೀರು ಹಾಲು.

ಇನ್ನು ಮುಂದೆ ಅನುಕ್ರಮವೇ ಎಲ್ಲ. ಅಕ್ಕಿ ಬೇಯಬೇಕಾದದ್ದು ನೀರು ಹಾಲಿನಲ್ಲಿ, ಅಗಳನ್ನು ಬೆರಳಿನಲ್ಲಿ ಹಿಸುಕಿದರೆ ನುಣ್ಣಗಾಗುವವರೆಗೆ. ನೀರು ಸಾಲದಿದ್ದರೆ ಬಿಸಿನೀರು ಸೇರಿಸಿ. ಅವಸರಪಟ್ಟು ಮೊದಲೇ ಬೆಲ್ಲ ಹಾಕಿದರೆ ಕೆಟ್ಟಿತು: ಬೆಲ್ಲ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಕ್ಕಿಯೊಳಗಿನ ಪಿಷ್ಟಕ್ಕೆ ಉಬ್ಬಲು ಬಿಡುವುದಿಲ್ಲ. ಆಮೇಲೆ ಎಷ್ಟು ಕುದಿಸಿದರೂ ಅಗಳಿನ ನಡುವೆ ಗಟ್ಟಿ ಉಳಿಯುತ್ತದೆ. ಬೆಲ್ಲವನ್ನು ಬೇರೆ ಕರಗಿಸಿ ಸೋಸಿಯೇ ಹಾಕಿ. ಮರಳು, ಕಬ್ಬಿನ ನಾರು ಅದರಲ್ಲಿ ಇದ್ದೇ ಇರುತ್ತದೆ.

ದಪ್ಪ ಹಾಲು ಕೊನೆಗೆ, ಉರಿ ಸಣ್ಣ ಮಾಡಿದ ಮೇಲೆ. ಕಾಯಿಹಾಲೆಂದರೆ ನೀರಿನಲ್ಲಿ ತೇಲುವ ಎಣ್ಣೆಯ ಸೂಕ್ಷ್ಮ ಹನಿಗಳು. ತೆಂಗಿನ ಪ್ರೋಟೀನು ಪ್ರತಿ ಹನಿಗೂ ತೆಳು ಪೊರೆಯಾಗಿ ನಿಂತು ಅವು ಒಂದಾಗದಂತೆ ತಡೆಯುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಪ್ರೋಟೀನು ಕೆಡುತ್ತದೆ, ಹನಿಗಳು ಕೂಡಿ ಮೇಲೆ ಎಣ್ಣೆ ಬಿಡುತ್ತದೆ. ಆದ್ದರಿಂದ ಪಾತ್ರೆಯ ಅಂಚಿನಲ್ಲಿ ಹಬೆಯಾಡಿ ಸಣ್ಣ ಗುಳ್ಳೆ ಕಾಣುತ್ತಲೇ ಒಲೆ ಆರಿಸಿ. ಒಡೆದರೂ ಚೆಲ್ಲಬೇಕಿಲ್ಲ, ರುಚಿ ಎಲ್ಲೂ ಹೋಗಿರುವುದಿಲ್ಲ. ಒಂದು ಸೌಟು ಅನ್ನವನ್ನು ಮಸೆದು ಕಲಸಿದರೆ ಎಷ್ಟೋ ಸರಿಹೋಗುತ್ತದೆ. ಏಲಕ್ಕಿಯ ಜೊತೆ ಚಿಟಿಕೆ ಉಪ್ಪು ಮರೆಯಬೇಡಿ.

ಒಗ್ಗರಣೆಯಲ್ಲೇ ಹಲವರು ಎಡವುವುದು. ಕಾಯಿಹಾಲು ಹಾಕಿ, ಗೋಡಂಬಿಯನ್ನು ತುಪ್ಪದಲ್ಲಿ ಹುರಿದರೆ ಅದು ಡೈರಿರಹಿತ ಹೇಗಾದೀತು? ಲ್ಯಾಕ್ಟೋಸ್ ಜೀರ್ಣವಾಗದ ಬಹುತೇಕರಿಗೆ ತುಪ್ಪ ತೊಂದರೆ ಕೊಡದು, ಅದರಲ್ಲಿ ಲ್ಯಾಕ್ಟೋಸ್ ಅತ್ಯಲ್ಪ. ಹಾಲಿನ ಪ್ರೋಟೀನಿಗೇ ಅಲರ್ಜಿ ಇದ್ದವರ ಕಥೆ ಬೇರೆ. ಚೂರೇಚೂರು ಉಳಿದಿದ್ದರೂ ಅಪಾಯ. ಅವರಿಗೆ ಕೊಬ್ಬರಿ ಎಣ್ಣೆಯಲ್ಲಿ ತೆಂಗಿನ ಚೂರು ಹುರಿದು ಹಾಕಿ. ನನ್ನ ಮಟ್ಟಿಗೆ ತುಪ್ಪಕ್ಕಿಂತ ಅದೇ ಮೇಲು. ಕಾಯಿಹಾಲಿನ ಪುಡಿ ಕೊಳ್ಳುವವರು ಪೊಟ್ಟಣದ ಹಿಂಬದಿ ಓದಿ. ಕೆಲವದರಲ್ಲಿ ಸೋಡಿಯಂ ಕೆಸಿನೇಟ್ ಇರುತ್ತದೆ. ಅದು ಹಾಲಿನದೇ ಅಂಶ.

ಬೇಸಿಗೆಯಲ್ಲಿ ಈ ಪಾಯಸ ಬೇಗ ಹುಳಿಯುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ಸ್ವಲ್ಪ ನೀರು ಬೆರೆಸಿ ಸಣ್ಣ ಉರಿಯಲ್ಲಿ ಕುದಿ ಬಾರದಂತೆ ಬಿಸಿ ಮಾಡಿ.