ಸಹಿ ಅಸಲಿಯೇ? ಯಂತ್ರ ನೋಡುವ ಬಗೆ

ಮಂಕಿ ಎಂಬ ಊರಿನ ವಿದ್ಯಾರ್ಥಿಯೊಬ್ಬ ಕಾಲೇಜು ಪ್ರವೇಶಕ್ಕೆಂದು ಇ-ಆಧಾರ್ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ತೆರೆದರೆ, ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆಯೂ ‘ವ್ಯಾಲಿಡಿಟಿ ಅನ್‌ನೋನ್’ ಎಂಬ ಒಕ್ಕಣೆಯೂ ಕಾಣುವುದು ಮಾಮೂಲಿ. ನಕಲಿ ಇರಬೇಕೆಂದು ಗಾಬರಿ ಬೀಳುವವರುಂಟು. ಅದರರ್ಥ ಅದಲ್ಲ. ಸಹಿ ಮಾಡಿದವರ ಬೆನ್ನಿಗೆ ಯಾರಿದ್ದಾರೆಂದು ಆ ತಂತ್ರಾಂಶಕ್ಕೆ ತಿಳಿದಿಲ್ಲ, ಅಷ್ಟೆ.

ಬೆನ್ನಿಗಿರುವವರ ಸಾಲು ಹೀಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ‘ಸಿಸಿಎ’ ಎಂಬ ನಿಯಂತ್ರಕರ ಹುದ್ದೆಯನ್ನು ಸೃಷ್ಟಿಸಿತು. ಸಾಲಿನ ತುದಿಯಲ್ಲಿರುವ, ‘ರೂಟ್’ ಎನ್ನುವ ದೇಶದ ಮೂಲ ಪ್ರಮಾಣಪತ್ರ ಅವರ ಕೈಯಲ್ಲಿದೆ. ಅವರಿಂದ ಪರವಾನಗಿ ಪಡೆದ ಬೆಂಗಳೂರಿನ ಇ-ಮುದ್ರಾದಂಥ ಸಂಸ್ಥೆಗಳು ಅಧಿಕಾರಿಗಳಿಗೂ ವ್ಯಾಪಾರಿಗಳಿಗೂ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಪ್ರಮಾಣಪತ್ರ, ಕೊಡುತ್ತವೆ. ಪಹಣಿಯ ಡಿಜಿಟಲ್ ಸಹಿಗೂ ಇದೇ ಕಾಯ್ದೆಯೇ ಆಧಾರ.

ಈಗ ಕೋಡ್ ಬರೆಯುವವರ ಕೆಲಸ. ಪ್ರಮಾಣಪತ್ರದಲ್ಲಿ ‘ಇಶ್ಯೂಯರ್’ ಎಂಬ ಅಂಕಣವಿರುತ್ತದೆ. ಅಲ್ಲಿ ‘ಸಿಸಿಎ ಇಂಡಿಯಾ’ ಎಂದಿದೆಯೇ ನೋಡಿ, ಇದ್ದರೆ ಸರಿ ಎಂದುಬಿಡುವ ಪ್ರೋಗ್ರಾಮು ಬರೆಯುವುದು ಸುಲಭ. ಆದರೆ ಅದು ‘ನಾನು ತಹಶೀಲ್ದಾರರ ಕಡೆಯವನು’ ಎಂದವನನ್ನು ಮಾತಿನ ಮೇಲೆಯೇ ಒಳಗೆ ಬಿಟ್ಟಂತೆ. ಓಪನ್‌ಎಸ್‌ಎಸ್‌ಎಲ್‌ನಂಥ ಉಚಿತ ಸಾಧನವಿದ್ದರೆ ಯಾರು ಬೇಕಾದರೂ ಆ ಹೆಸರು ಹಾಕಿಕೊಳ್ಳಬಹುದು. ಹಾಕಲಾಗದ್ದು ಸಹಿ. ಮೇಲಿನ ಪ್ರಾಧಿಕಾರ ಗುಟ್ಟಾಗಿಟ್ಟ ಖಾಸಗಿ ಕೀಲಿಯಿಂದ ಆದ ಸಹಿಯನ್ನು, ಎಲ್ಲರಿಗೂ ಸಿಗುವ ಅದರ ಸಾರ್ವಜನಿಕ ಕೀಲಿಯಿಂದ ಲೆಕ್ಕ ಹಾಕಿ ತಾಳೆ ನೋಡಬೇಕು; ಹಾಗೆಯೇ ಒಂದೊಂದೇ ಮೆಟ್ಟಿಲೇರಿ ರೂಟ್‌ವರೆಗೆ ಹೋಗಬೇಕು. ಪ್ರತಿ ಮೆಟ್ಟಿಲಲ್ಲೂ ಅವಧಿ ಮುಗಿದಿಲ್ಲವೇ, ಇನ್ನೊಬ್ಬರಿಗೆ ಪ್ರಮಾಣಪತ್ರ ಕೊಡುವ ಅಧಿಕಾರ ಇದಕ್ಕಿದೆಯೇ ಎಂದೂ ಕೇಳಬೇಕು. ಜಾಲತಾಣಗಳ ಪ್ರಮಾಣಪತ್ರಗಳಿಗೂ ಇದೇ ಪರೀಕ್ಷೆ; ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ ಈ ಕೊನೆಯ ಪ್ರಶ್ನೆ ಕೇಳುತ್ತಿರಲಿಲ್ಲ ಎಂದು 2002ರಲ್ಲಿ ಬಯಲಾಯಿತು. ಸಾಮಾನ್ಯ ಪ್ರಮಾಣಪತ್ರ ಕೊಂಡವನೂ ಬ್ಯಾಂಕಿನ ಹೆಸರಿಗೆ ಇನ್ನೊಂದನ್ನು ಹೊರಡಿಸಬಹುದಿತ್ತು!

ರೂಟ್ ತಲುಪಿದ ಮೇಲೆ ಗಣಿತ ನಿಲ್ಲುತ್ತದೆ. ರೂಟ್ ತನಗೆ ತಾನೇ ಸಹಿ ಹಾಕಿಕೊಂಡಿರುತ್ತದೆ; ಅದನ್ನು ನಂಬುವುದು ಮೈಕ್ರೋಸಾಫ್ಟ್, ಮೊಜಿಲ್ಲಾದಂಥವರು ಮೊದಲೇ ಮಾಡಿಟ್ಟ ಪಟ್ಟಿಯಲ್ಲಿ ಅದಿದ್ದರೆ ಮಾತ್ರ. ಹಳದಿ ಚಿಹ್ನೆ ಹುಟ್ಟುವುದು ಸಾಮಾನ್ಯವಾಗಿ ಇಲ್ಲೇ: ಪಿಡಿಎಫ್ ಓದುವ ತಂತ್ರಾಂಶದ ಪಟ್ಟಿಯಲ್ಲಿ ನಮ್ಮ ರೂಟ್ ಇರುವುದಿಲ್ಲ. ಸೇರಿಸಿಕೊಂಡರೆ ಹಸಿರಾಗುತ್ತದೆ. ಆದರೆ ಕಡತದೊಳಗೆ ಬಂದ ಪ್ರಮಾಣಪತ್ರವನ್ನೇ ಕಣ್ಣುಮುಚ್ಚಿ ‘ಟ್ರಸ್ಟ್’ ಮಾಡಿದರೆ ನಕಲಿಯೂ ಹಸಿರಾದೀತು. ರೂಟನ್ನು ಸಿಸಿಎ ಜಾಲತಾಣದಿಂದಲೇ ತಂದುಕೊಳ್ಳಬೇಕು. ಮುದ್ರಿಸಿದ ಹಾಳೆಯ ಮೇಲಿನ ಹಸಿರು ಗುರುತಿಗಂತೂ ಬೆಲೆಯೇ ಇಲ್ಲ; ಪಿಡಿಎಫ್ ಕಡತದೊಳಗಿನ ಡಿಜಿಟಲ್ ಸಹಿ ಕಾಗದಕ್ಕೆ ಇಳಿಯುವುದಿಲ್ಲ, ಹಾಗಾಗಿ ಆ ಗುರುತಿನಿಂದ ಯಾವ ಕೋಡೂ ಅದನ್ನು ತಾಳೆ ನೋಡಲಾರದು.

ದೋಷ ಬಂತೆಂದು ಪರೀಕ್ಷೆಯನ್ನೇ ‘ವೆರಿಫೈ=ಫಾಲ್ಸ್’ ಎಂದು ಆರಿಸಿಬಿಡುವ ಪ್ರೋಗ್ರಾಮರುಗಳ ಚಾಳಿ ನನ್ನ ಮಟ್ಟಿಗೆ ಅಕ್ಷಮ್ಯ.

ಇಷ್ಟೆಲ್ಲ ಸರಿಯಿದ್ದೂ ಮೋಸವಾಗಬಹುದು. 2014ರ ಜುಲೈ 2ರಂದು ಗೂಗಲ್‌ನ ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಪತ್ತೆಯಾದವು. ಅವನ್ನು ಹೊರಡಿಸಿದ್ದು ಸಿಸಿಎ ಅಡಿಯ, ಕೇಂದ್ರ ಸರ್ಕಾರದ್ದೇ ಆದ ಎನ್‌ಐಸಿ (ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್) ಪ್ರಾಧಿಕಾರ. ಸಹಿ ಅಸಲಿ, ಸಾಲು ಸರಿ, ವಿಂಡೋಸ್ ಪಟ್ಟಿಯಲ್ಲಿ ರೂಟ್ ಕೂಡ ಇತ್ತು. ತನ್ನದೇ ಪಟ್ಟಿ ಬಳಸುವ ಫೈರ್‌ಫಾಕ್ಸ್‌ನಲ್ಲಿ ಇರಲಿಲ್ಲವಾದ್ದರಿಂದ ಅದು ಬಚಾವಾಯಿತು. ಮರುದಿನವೇ ಸಿಸಿಎ ಎನ್‌ಐಸಿಯ ನಡುವಿನ ಮೆಟ್ಟಿಲಿನ ಪ್ರಮಾಣಪತ್ರಗಳನ್ನು ರದ್ದು ಮಾಡಿತು. ರದ್ದಾದವುಗಳ ಪಟ್ಟಿಯನ್ನು ತೆಗೆದು ನೋಡದ ಕೋಡಿಗೆ ಮಾತ್ರ ಜುಲೈ 4ರಂದೂ ಅವು ಅಸಲಿಯೇ.