ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದೇ ವರ್ಷದ ಡಿಸೆಂಬರ್ 3ರಂದು ಅಮೆರಿಕದ ಮೈಕ್ರಾನ್ ಸಂಸ್ಥೆಯು, ಜನಸಾಮಾನ್ಯರಿಗೆ ಮೆಮೊರಿ ಮತ್ತು ಡಿಸ್ಕುಗಳನ್ನು ಮಾರುತ್ತಿದ್ದ ತನ್ನ ‘ಕ್ರೂಷಿಯಲ್’ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ದೂರದೇಶದ ಈ ಎರಡು ತೀರ್ಮಾನಗಳಿಗೂ ಪೋರೂರಿನ ಮನೆಯೊಂದರ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಮೊದಲನೆಯದು ಆ ಯಂತ್ರವನ್ನು ಬಿಸಾಡೆಂದು ಪ್ರಚೋದಿಸುತ್ತದೆ. ಎರಡನೆಯದು ಅದನ್ನು ದುರಸ್ತುಗೊಳಿಸುವ ವೆಚ್ಚವನ್ನು ಏರಿಸುತ್ತದೆ. ಈ ಇಕ್ಕಟ್ಟಿನಲ್ಲಿ ಮಧ್ಯಮ ವರ್ಗದ ಗೃಹಸ್ಥನು ಹಿಡಿಯಬೇಕಾದ ದಾರಿ ಯಾವುದೆಂಬುದು ವಿಚಾರಾರ್ಹವಾದ ವಿಷಯ.

ಯಂತ್ರವು ನಿಧಾನವಾಯಿತೆಂಬ ದೂರು ಸರ್ವತ್ರ ಕೇಳಿಬರುತ್ತದೆ. ಆದರೆ ಬಹುತೇಕ ಸಂದರ್ಭಗಳಲ್ಲಿ ದೋಷವು ಯಂತ್ರದ ಮೆದುಳಿನದಲ್ಲ, ಉಗ್ರಾಣದ್ದು. ಹಳೆಯ ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ತಟ್ಟೆಗಳು ಸುತ್ತುತ್ತಿರುತ್ತವೆ. ಗ್ರಾಮೋಫೋನಿನ ಮುಳ್ಳಿನಂತೆ ಒಂದು ತೋಳು ಅವುಗಳ ಮೇಲೆ ಚಲಿಸಿ ಬೇಕಾದ ಸ್ಥಳವನ್ನು ಹುಡುಕಬೇಕು. ನಿಮಿಷಕ್ಕೆ 7,200 ಸಲ ಸುತ್ತುವ ತಟ್ಟೆಗೂ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಸಾವಿರಾರು ತುಣುಕುಗಳನ್ನು ಹೀಗೆ ಒಂದೊಂದಾಗಿ ಹುಡುಕಿ ತರುವುದರಲ್ಲಿಯೇ ನಿಮಿಷಗಳು ಕಳೆದುಹೋಗುತ್ತವೆ.

ಎಸ್‌ಎಸ್‌ಡಿ ಎಂದು ಕರೆಯಲ್ಪಡುವ ಹೊಸ ಸಾಧನದಲ್ಲಿ ಚಲಿಸುವ ಭಾಗವೇ ಇಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕಾ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲಾಶ್ ಮೆಮೊರಿಯ ಚಿಪ್ಪುಗಳೇ ಅದರ ಜೀವಾಳ. ಹಾರ್ಡ್ ಡಿಸ್ಕು ಸೆಕೆಂಡಿಗೆ ಸುಮಾರು 150ರಿಂದ 200 ಮೆಗಾಬೈಟ್ ಓದಿದರೆ, ಹಳೆಯ ಸಾಟಾ ತಂತಿಗೇ ಜೋಡಿಸಬಹುದಾದ ಎಸ್‌ಎಸ್‌ಡಿ ಸುಮಾರು 550 ಮೆಗಾಬೈಟ್ ಓದಬಲ್ಲುದು; ಮದರ್‌ಬೋರ್ಡಿನ ಮೇಲೆಯೇ ಕೂಡಿಸುವ ಎನ್‌ವಿಎಂಇ ಬಗೆಯದು ಅದಕ್ಕೂ ಹಲವು ಪಟ್ಟು ವೇಗದ್ದು. ಆದರೆ ಈ ಎರಡರ ನಡುವಣ ವ್ಯತ್ಯಾಸಕ್ಕಾಗಿ ಸಾಮಾನ್ಯ ಗೃಹಸ್ಥನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತಟ್ಟೆಯನ್ನು ಬಿಟ್ಟು ಚಿಪ್ಪಿಗೆ ಬಂದೊಡನೆ ಪ್ರಯೋಜನದ ಬಹುಭಾಗ ದೊರೆತಂತೆಯೇ. ಪತ್ರವ್ಯವಹಾರ, ಲೆಕ್ಕಪತ್ರ, ಮಕ್ಕಳ ಪಾಠಗಳಿಗೆ ಸಾಟಾ ಬಗೆಯದೇ ಧಾರಾಳವಾಗಿ ಸಾಕು.

ಇನ್ನು ಬೆಲೆಯ ಪ್ರಶ್ನೆ. ಮೈಕ್ರಾನ್ ಸಂಸ್ಥೆಯು ಕೊಟ್ಟ ಕಾರಣವು ಸ್ಪಷ್ಟವಾಗಿದೆ: ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯನ್ನು ಪೂರೈಸಲು ಅದು ದೊಡ್ಡ ಗಿರಾಕಿಗಳತ್ತ ತಿರುಗಿದೆ. ಆ ಕೇಂದ್ರಗಳು ನಮಗೆ ದೂರದವಲ್ಲ. ಪೋರೂರಿಗೆ ಸಮೀಪದ ಅಂಬತ್ತೂರಿನಲ್ಲಿಯೇ ಅಂತಹ ಕಟ್ಟಡಗಳು ಎದ್ದಿವೆ. ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟಿನಲ್ಲಿ ಒಂದು ಡಿಸ್ಕಿಗಾಗಿ ಚೌಕಾಸಿ ಮಾಡುವವನು ತಾನರಿಯದೆಯೇ ಜಗತ್ತಿನ ಮಹಾಧನಿಕ ಸಂಸ್ಥೆಗಳೊಡನೆ ಪೈಪೋಟಿಗೆ ನಿಂತಿದ್ದಾನೆ. ಈ ಚಿಪ್ಪುಗಳ ತಯಾರಿಕೆ ಕೊರಿಯಾ, ಜಪಾನ್, ಅಮೆರಿಕ, ಚೀನಗಳ ಕೆಲವೇ ಸಂಸ್ಥೆಗಳ ಹಿಡಿತದಲ್ಲಿದೆ. ಗುಜರಾತಿನ ಸಾನಂದದಲ್ಲಿ ಮೈಕ್ರಾನ್ 2023ರಲ್ಲಿ ಘೋಷಿಸಿದ ಕಾರ್ಖಾನೆಯೂ ಜೋಡಣೆ ಮತ್ತು ಪರೀಕ್ಷೆಗೆ ಸಂಬಂಧಿಸಿದ್ದೇ ಹೊರತು ಚಿಪ್ಪಿನ ಮೂಲ ತಯಾರಿಕೆಯದಲ್ಲ. ಆದಕಾರಣ ಬೆಲೆಯ ಕಡಿವಾಣ ನಮ್ಮ ಕೈಯಲ್ಲಿಲ್ಲ.

ಹೀಗಿದ್ದರೂ ಪೂರ್ಣ ಹೊಸ ಯಂತ್ರವನ್ನು ಕೊಳ್ಳುವುದಕ್ಕಿಂತ ಡಿಸ್ಕನ್ನು ಬದಲಾಯಿಸುವುದೇ ಮಿತವ್ಯಯದ ಮಾರ್ಗವೆಂದು ನಮ್ಮ ಅಭಿಪ್ರಾಯ. ಹೊಸ ಯಂತ್ರದ ಬೆಲೆಯಲ್ಲಿಯೂ ಅದೇ ಚಿಪ್ಪುಗಳ ಬೆಲೆ ಅಡಗಿದೆಯಷ್ಟೆ. ಆದರೆ ಡಿಸ್ಕು ಬದಲಾದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ, ಇಂಟೆಲ್ ಯಂತ್ರಗಳಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರೂ ಬೇಕು. ಎಸ್‌ಎಸ್‌ಡಿ ಈ ಅರ್ಹತೆಯನ್ನು ತಂದುಕೊಡಲಾರದು. ಅರ್ಹತೆಯಿಲ್ಲದ ಯಂತ್ರಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಒಂದು ಗೌರವಯುತ ಆಶ್ರಯ. ರಕ್ಷಣೆಯಿಲ್ಲದ ಹಳೆಯ ವಿಂಡೋಸಿನಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಮಾತ್ರ ಬಾಗಿಲು ತೆರೆದಿಟ್ಟು ಮಲಗಿದಂತೆ.

ಇದಕ್ಕಿಂತಲೂ ಗುರುತರವಾದ ಇನ್ನೊಂದು ವಿಚಾರವಿದೆ. ಪರನಾಡಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಅದು ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ಸಂಘಗಳ ನಡವಳಿ ಪುಸ್ತಕಗಳು, ಉತ್ಸವಗಳ ಲೆಕ್ಕ, ಹಿರಿಯರ ಆತ್ಮಕಥನ, ನಾಟಕಗಳ ಹಸ್ತಪ್ರತಿ ಎಷ್ಟೋ ಇಂದು ಇಂತಹ ಹಳೆಯ ಡಿಸ್ಕುಗಳಲ್ಲಿವೆ. ಅವುಗಳಲ್ಲಿ ಹಲವು, ಯುನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರಗಳಲ್ಲಿ ಬರೆದವು. ಹೊಸ ಡಿಸ್ಕಿನಲ್ಲಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿ ಕಡತಗಳನ್ನಷ್ಟೇ ಸಾಗಿಸಿದರೆ, ಫಾಂಟುಗಳಿಲ್ಲದ ಕಾರಣ ಕನ್ನಡವೆಲ್ಲ ಅರ್ಥಹೀನ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಕಡತವು ಕೆಟ್ಟುಹೋಯಿತೆಂದು ಭಾವಿಸಿ ಯಾರಾದರೂ ಅಳಿಸಿಬಿಟ್ಟರೆ ಆ ನಷ್ಟವನ್ನು ತುಂಬುವವರಾರು?

ಆದುದರಿಂದ ಕ್ರಮವು ಹೀಗಿರಬೇಕು. ಡಿಸ್ಕನ್ನು ಬಿಚ್ಚುವ ಮೊದಲು ಮುಖ್ಯ ಕಡತಗಳ ಪ್ರತಿಯೊಂದನ್ನು ಬೇರೆಡೆ ಇಡಬೇಕು. ಸಾಧ್ಯವಾದಲ್ಲಿ, ಅಂಗಡಿಯವರು ಕ್ಲೋನಿಂಗ್ ಎನ್ನುವ ಸಮಗ್ರ ನಕಲನ್ನೇ ಮಾಡಿಸಬೇಕು. ಫಾಂಟುಗಳೂ ಅದರೊಡನೆ ಬರುತ್ತವೆ. ಹಳೆಯ ಅಕ್ಷರಗಳ ಬರಹಗಳನ್ನು ಬಿಡುವು ಮಾಡಿಕೊಂಡು ಯುನಿಕೋಡಿಗೆ ಪರಿವರ್ತಿಸಬೇಕು. ರಸೀತಿ ಮತ್ತು ವಾರಂಟಿ ಇಲ್ಲದ ಅಗ್ಗದ ಮಾಲಿಗೆ ಮರುಳಾಗಬಾರದು. ಹಳೆಯ ಡಿಸ್ಕನ್ನು ಕೂಡಲೇ ಗುಜರಿಗೆ ಹಾಕದೆ, ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿ ಕೂಡಿಸಿ ಎರಡನೆಯ ಪ್ರತಿಯಾಗಿ ಉಳಿಸಿಕೊಳ್ಳಬೇಕು. ಏಕೆಂದರೆ ಎಸ್‌ಎಸ್‌ಡಿ ಕೈಕೊಡುವಾಗ ಹಳೆಯದರಂತೆ ಟಕಟಕ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಅದರಿಂದ ಅಳಿಸಿದ್ದನ್ನು ಮರಳಿ ಪಡೆಯುವುದೂ ಬಹಳ ಕಷ್ಟ. ವಿದ್ಯುತ್ತಿನ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಅದರಲ್ಲಿನ ಬರಹ ಮಾಸಿಹೋಗುವ ಸಂಭವವೂ ಉಂಟು.

ಸರ್ಕಾರದ ಹೊಣೆಯೂ ಇಲ್ಲಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಭಾರವನ್ನು ಹೊರಿಸಿವೆ. ಆದರೆ ತ್ಯಾಜ್ಯವಾದ ಮೇಲೆ ಸಂಸ್ಕರಿಸುವುದಕ್ಕಿಂತ, ಯಂತ್ರವು ತ್ಯಾಜ್ಯವಾಗದಂತೆ ಅದರ ಆಯುಷ್ಯವನ್ನು ಹೆಚ್ಚಿಸುವುದೇ ಶ್ರೇಯಸ್ಕರವಲ್ಲವೇ? ದುರಸ್ತಿಯ ಬಿಡಿಭಾಗಗಳು ಜನರ ಕೈಗೆಟುಕುವಂತೆ ತೆರಿಗೆಯ ನೀತಿಯನ್ನು ಪುನರ್ವಿಮರ್ಶಿಸುವುದು ಅವಶ್ಯಕ. ಅಲ್ಲಿಯವರೆಗೆ ನಮ್ಮ ವಾಚಕರು ವೇಗಕ್ಕಾಗಿ ಹಣ ತೆರುವ ಮುನ್ನ, ಯಂತ್ರದೊಳಗಿರುವ ಬರಹದ ರಕ್ಷಣೆಗಾಗಿ ಒಂದು ಸಂಜೆಯನ್ನು ಮೀಸಲಿಡಲಿ. ಡಿಸ್ಕು ಅಂಗಡಿಯಲ್ಲಿ ದೊರೆಯುತ್ತದೆ, ಅದರೊಳಗಿನದು ದೊರೆಯುವುದಿಲ್ಲ.